ಒಂದು ಮೂಳೆ ಮುರಿದ ಮೇಲೆ ಇನ್ನೊಂದು ಮುರಿಯದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮಮ್ಮನಿಗೆ ಆಗ 63 ವರ್ಷ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡಲು ಬಗ್ಗುವಾಗ ಜಾರಿದರು. ಕೈ ಊರಿದರು, ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು, ಒಂದು ತಿಂಗಳಿಗೆ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಒದ್ದೆ ಕಲ್ಲಿನ ಮೇಲೆ ಜಾರಿದರೆ ಯಾರಿಗಾದರೂ ಮುರಿಯುತ್ತೆ ಅಂತ ಬಂದವರೆಲ್ಲ ಹೇಳಿದರು, ನಾನೂ ಅದನ್ನೇ ಹೇಳಿದೆ. ಐದು ವರ್ಷದ ಮೇಲೆ ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿಯಿತು. ಆಮೇಲೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಮೂಳೆ ಎಷ್ಟೋ ವರ್ಷದಿಂದ ಟೊಳ್ಳಾಗುತ್ತಾ ಬಂದಿತ್ತು, ಇದಕ್ಕೆ ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ. ಕೈ ಮುರಿದ ದಿನವೇ ಅದು ಗೊತ್ತಾಗಬೇಕಿತ್ತು.

ಆ ಐದು ವರ್ಷದಲ್ಲಿ ನಾವು ಏನೇನು ಮಾಡಬಹುದಿತ್ತೋ ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಯಾವ ಔಷಧ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಆದರೆ ಅವರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ಬದಲಿಸಬೇಕು ಅನ್ನುವುದು ನಮ್ಮ ಕೈಯಲ್ಲಿದೆ.

ಮೊದಲು: ಇದು ಎಂಥ ಮುರಿತ ಅಂತ ನೋಡಿ

50 ದಾಟಿದವರು ನಿಂತಲ್ಲಿಂದ ಅಥವಾ ಕೂತಲ್ಲಿಂದ ಬಿದ್ದು ಮೂಳೆ ಮುರಿದುಕೊಂಡರೆ, ಅದಕ್ಕೆ ಬಿದ್ದಿದ್ದೊಂದೇ ಕಾರಣ ಅಂತ ಬಿಡಬೇಡಿ. ಗಟ್ಟಿ ಮೂಳೆ ಅಷ್ಟಕ್ಕೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಮಣಿಕಟ್ಟು, ಭುಜದ ಹತ್ತಿರದ ತೋಳಿನ ಮೂಳೆ, ಬೆನ್ನುಮೂಳೆ, ಸೊಂಟ, ಈ ನಾಲ್ಕು ಕಡೆ ಆದರೆ ಇನ್ನೂ ಹುಷಾರಾಗಿರಬೇಕು. ಜಗತ್ತಿನ ಲೆಕ್ಕ ತೆಗೆದುಕೊಂಡರೆ 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಮುಂದೆ ಇಂಥ ಮುರಿತ ಆಗುತ್ತದೆ. ಹಾಗಾಗಿ ಅಪ್ಪನಿಗೆ ಇದು ಬರೋದಿಲ್ಲ ಅಂತ ಸುಮ್ಮನಿರಬೇಡಿ.

ನಮ್ಮ ಮಾತಲ್ಲೇ ಒಂದು ಗೊಂದಲವಿದೆ. ಮಂಡಿ ನೋವು ಬಂದರೂ "ಮೂಳೆ ಸವೆದಿದೆ" ಅನ್ನುತ್ತೇವೆ, ಇದಕ್ಕೂ "ಮೂಳೆ ಸವೆತ" ಅನ್ನುತ್ತೇವೆ. ಎರಡೂ ಬೇರೆ ಬೇರೆ. ಮಂಡಿಯಲ್ಲಿ ಸವೆಯುವುದು ಕೀಲಿನೊಳಗಿನ ಮೆತ್ತನೆಯ ಪದರ, ಅದು ನೋಯುತ್ತದೆ. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆಯ ಒಳಗಿನ ಜಾಲರಿ ತೆಳ್ಳಗಾಗುತ್ತದೆ, ಮುರಿಯುವವರೆಗೆ ಒಂಚೂರೂ ನೋಯುವುದಿಲ್ಲ. ಅಮ್ಮನಿಗೆ ನೋವೇ ಇಲ್ಲ, ಮೂಳೆ ಚೆನ್ನಾಗಿದೆ ಅಂತ ನಾವು ನಂಬಿದ್ದು ಇದೇ ಕಾರಣಕ್ಕೆ.

ಬೆನ್ನುಮೂಳೆಯದಂತೂ ಮುರಿದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಒಂದು ದಿನ ತುಂಬಿದ ಕೊಡ ಎತ್ತಿದಾಗ ಬೆನ್ನು ಹಿಡಿದುಕೊಂಡಿತು ಅನ್ನುತ್ತಾರೆ, ಎಣ್ಣೆ ಹಚ್ಚಿಕೊಂಡು ಎರಡು ವಾರ ಮಲಗುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಅದು ಮೂಳೆ ಕುಸಿದಿದ್ದೂ ಇರಬಹುದು. ಕಂಡುಹಿಡಿಯಲು ಸುಲಭದ ದಾರಿ ಎತ್ತರ ಅಳೆಯುವುದು. ಚಪ್ಪಲಿ ಬಿಚ್ಚಿಸಿ, ಗೋಡೆಗೆ ಒರಗಿ ನಿಲ್ಲಿಸಿ, ಪೆನ್ಸಿಲ್ ಗೆರೆ ಹಾಕಿ. ವಯಸ್ಸಿನಲ್ಲಿದ್ದಾಗ ಇದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಜಾಸ್ತಿ ಕುಗ್ಗಿದ್ದರೆ ಬೆನ್ನಿನ ಎಕ್ಸ್-ರೇ ತೆಗೆಸಬೇಕು. ಹಳೆಯ ಎತ್ತರ ನೆನಪಿಲ್ಲದಿದ್ದರೆ ಬೇರೆ ಗುರುತು ನೋಡಿ: ಮೊದಲು ಸರಿಯಾಗಿದ್ದ ನೈಟಿ ಈಗ ನೆಲಕ್ಕೆ ತಾಗುತ್ತದೆಯೇ, ಅಡುಗೆಮನೆಯ ಮೇಲಿನ ಸಾಲಿನ ಡಬ್ಬ ಕೈಗೆ ಸಿಗದೆ ಹೋಗಿದೆಯೇ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತರೆ ತಲೆಯ ಹಿಂಭಾಗ ಗೋಡೆಗೆ ಮುಟ್ಟದೆ ಹೋಗುತ್ತದೆಯೇ.

ಡಾಕ್ಟರ ಹತ್ತಿರ ಏನು ಕೇಳಬೇಕು

ಪ್ಲಾಸ್ಟರ್ ಬಿಚ್ಚುವ ದಿನ ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆಯಲ್ಲಿ ಇವನ್ನು ಬರೆದುಕೊಂಡು ಹೋಗಿ: ಮುಟ್ಟು ಯಾವ ವಯಸ್ಸಿಗೆ ನಿಂತಿತು, ಗರ್ಭಕೋಶ ತೆಗೆಸಿದ್ದರೆ ಅಂಡಾಶಯವನ್ನೂ ತೆಗೆದಿದ್ದರಾ, ಅವರ ತಂದೆ ತಾಯಿಗೆ ಸೊಂಟ ಮುರಿದಿತ್ತಾ, ಅಸ್ತಮಾಗೋ ಸಂಧಿವಾತಕ್ಕೋ ಸ್ಟೀರಾಯ್ಡ್ ಮಾತ್ರೆಯನ್ನು ಮೂರು ತಿಂಗಳಿಗಿಂತ ಹೆಚ್ಚು ತಿಂದಿದ್ದಾರಾ, ಬೀಡಿ ಸಿಗರೇಟು ಕುಡಿತ ಇದೆಯಾ, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಹೆಂಗಸರ ಮೂಳೆ ಅತಿ ವೇಗವಾಗಿ ಕರಗುತ್ತದೆ. ನಮ್ಮ ಹಳ್ಳಿಗಳಲ್ಲಿ 35-40ಕ್ಕೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು ಅಲ್ವಾ? ಜೊತೆಗೆ ಅಂಡಾಶಯವೂ ಹೋಗಿದ್ದರೆ ಅವರಿಗೆ ಈ ಇಳಿತ ಹತ್ತು ವರ್ಷ ಮೊದಲೇ ಶುರುವಾಗಿರುತ್ತದೆ. ಇದನ್ನು ನಾವಾಗಿ ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಆಮೇಲೆ ನೇರವಾಗಿ ಕೇಳಿ: "ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾ?" ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್ ಅದು. ನೋವಿಲ್ಲ, ಸೂಜಿಯಿಲ್ಲ, ಹತ್ತು ಹದಿನೈದು ನಿಮಿಷ ಸುಮ್ನೆ ಮಲಗಿದರೆ ಸಾಕು. ರಿಪೋರ್ಟಿನಲ್ಲಿ ಟಿ-ಸ್ಕೋರ್ ಅಂತ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 1994ರ ಲೆಕ್ಕದಂತೆ ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ಇಳಿಯುತ್ತಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಆದರೆ ಸೊಂಟ ಅಥವಾ ಬೆನ್ನುಮೂಳೆ ಸಣ್ಣ ಪೆಟ್ಟಿಗೇ ಮುರಿದಿದ್ದರೆ ಈ ಅಂಕಿ ಎಷ್ಟೇ ಇರಲಿ, ಔಷಧದ ಮಾತು ಆಡಲೇಬೇಕು.

ಅಪಾರ್ಟ್‌ಮೆಂಟುಗಳಲ್ಲಿ, ದೇವಸ್ಥಾನದ ಹಾಲಿನಲ್ಲಿ ಉಚಿತ ಕ್ಯಾಂಪ್ ಹಾಕಿ ಹಿಮ್ಮಡಿಯನ್ನು ಒಂದು ಸಣ್ಣ ಯಂತ್ರದೊಳಗೆ ಇಡಿಸಿ ಚೀಟಿ ಕೊಡುತ್ತಾರಲ್ಲ, ಅದು ಡೆಕ್ಸಾ ಅಲ್ಲ. ಅದರಲ್ಲಿ ಕಡಿಮೆ ಬಂದರೆ ಡೆಕ್ಸಾ ಮಾಡಿಸಿ. ಸರಿಯಾಗಿದೆ ಅಂತ ಬಂದರೂ, ಈಗಾಗಲೇ ಒಂದು ಮೂಳೆ ಮುರಿದವರು ಅದನ್ನು ನಂಬಿ ಕೂರಬಾರದು.

ಡೆಕ್ಸಾ ಸೌಲಭ್ಯ ನಿಮ್ಮ ಊರ ಹತ್ತಿರ ಇಲ್ಲದಿದ್ದರೂ ದಾರಿಯಿದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಫ್ರಾಕ್ಸ್ ಎಂಬ ಲೆಕ್ಕವಿದೆ. ವಯಸ್ಸು, ತೂಕ, ಎತ್ತರ, ಹಿಂದಿನ ಮುರಿತ, ಸ್ಟೀರಾಯ್ಡ್ ಇವನ್ನೆಲ್ಲ ತುಂಬಿದರೆ ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುತ್ತದೆ. ಸ್ಕ್ಯಾನ್ ಇಲ್ಲದೆಯೂ ಆಗುತ್ತದೆ, ಭಾರತೀಯರ ಲೆಕ್ಕವೂ ಅದರಲ್ಲಿದೆ. ಫೋನಿನಲ್ಲೇ ತುಂಬಿ ಡಾಕ್ಟರಿಗೆ ತೋರಿಸಬಹುದು.

ರಕ್ತದ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡಲು), ಥೈರಾಯ್ಡ್ ಇವಿಷ್ಟು ಸಾಮಾನ್ಯವಾಗಿ ಬರೆಯುತ್ತಾರೆ. ಥೈರಾಯ್ಡ್ ಮಾತ್ರೆಯ ಡೋಸ್ ಜಾಸ್ತಿಯಾಗಿದ್ದರೂ ಮೂಳೆ ಕರಗುತ್ತದೆ, ಆದ್ದರಿಂದ ಆ ಪರೀಕ್ಷೆ ಬಿಡಬೇಡಿ.

ಔಷಧ ಶುರುವಾದರೆ

ಇಲ್ಲಿ ಎಡವುವವರೇ ಜಾಸ್ತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಲ್ಸಿಯಂ ಮಾತ್ರೆ ಮೂಳೆಗೆ ಸಾಮಾನು ಒದಗಿಸುತ್ತದೆ ಅಷ್ಟೇ. ಮೂಳೆ ಕರಗುವುದನ್ನು ತಡೆಯುವ ಔಷಧ ಬೇರೆ. ಕ್ಯಾಲ್ಸಿಯಂ ನುಂಗುತ್ತಿದ್ದಾರಲ್ಲ, ಅದೇ ಚಿಕಿತ್ಸೆ ಅಂದುಕೊಳ್ಳಬೇಡಿ.

ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ವಾರಕ್ಕೊಂದು. ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಕಾಫಿ ಜೊತೆ ಬೇಡ, ಹಾಲಿನ ಜೊತೆಯಂತೂ ಬೇಡವೇ ಬೇಡ. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಬೆಳಗ್ಗಿನ ಕಾಫಿಗೆ ಅರ್ಧ ಗಂಟೆ ಕಾಯುವುದು ನಮ್ಮ ಹಿರಿಯರಿಗೆ ಎಷ್ಟು ಕಷ್ಟ ಅಂತ ಗೊತ್ತು, ಆದರೆ ವಾರಕ್ಕೆ ಒಂದೇ ದಿನ. ವಾರದ ಯಾವ ದಿನ ಅಂತ ಗೊತ್ತು ಮಾಡಿಕೊಳ್ಳಿ, ಮರೆಯುವುದಿಲ್ಲ.

ಅದು ಆಗದವರಿಗೆ ವರ್ಷಕ್ಕೊಮ್ಮೆ ಜೋಲೆಡ್ರೊನಿಕ್ ಆಸಿಡ್ ಎಂಬ ಡ್ರಿಪ್ ಇದೆ. ಅದಕ್ಕೆ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಿದೆಯಾ ಅಂತ ನೋಡುತ್ತಾರೆ. ಮೊದಲ ಸಲ ಹಾಕಿಸಿದಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಅಮ್ಮನಿಗೂ ಬಂತು, ಹೆದರಿದ್ದೆವು, ಪ್ಯಾರಸಿಟಮಾಲ್‌ಗೆ ಇಳಿಯಿತು. ಸೊಂಟದ ಆಪರೇಷನ್ ಆದವರ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಈ ಡ್ರಿಪ್ ಪಡೆದವರಿಗೆ ಹೊಸ ಮುರಿತ ಶೇ. 35ರಷ್ಟು ಕಡಿಮೆಯಾಗಿತ್ತು, ಸಾವೂ ಕಡಿಮೆಯಾಗಿತ್ತು. ಇಷ್ಟು ಒಳ್ಳೆಯದಿದ್ದೂ ಸೊಂಟದ ಆಪರೇಷನ್ ಆಗಿ ಮನೆಗೆ ಬಂದವರಲ್ಲಿ ಎಷ್ಟೋ ಜನಕ್ಕೆ ಮೂಳೆಯ ಔಷಧವೇ ಶುರುವಾಗಿರುವುದಿಲ್ಲ ಅನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಡೆನೊಸುಮಾಬ್ ಎಂಬ ಇಂಜೆಕ್ಷನ್ ಆರು ತಿಂಗಳಿಗೊಮ್ಮೆ. ಒಳ್ಳೆಯ ಔಷಧವೇ. ಆದರೆ ಇದನ್ನು ನಡುವೆ ಬಿಡಬಾರದು. ಬಿಟ್ಟರೆ ತಡೆದಿದ್ದ ಕರಗುವಿಕೆ ಒಮ್ಮೆಲೇ ಜೋರಾಗಿ ಶುರುವಾಗಿ, ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯುವ ಅಪಾಯವಿದೆ. ದುಡ್ಡು ಸಾಲಲಿಲ್ಲ, ಮಗ ಊರಲ್ಲಿರಲಿಲ್ಲ, ಮುಂದಿನ ತಿಂಗಳು ನೋಡೋಣ ಅಂತ ತಳ್ಳುವ ಔಷಧ ಇದಲ್ಲ. ನಿಲ್ಲಿಸಲೇಬೇಕಾದರೆ ಅದರ ಬದಲು ಯಾವುದು ಅಂತ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಕ್ಯಾಲೆಂಡರಿನಲ್ಲಿ ತಾರೀಖಿಗೆ ಕೆಂಪು ಗುರುತು ಹಾಕಿ.

ಹಲ್ಲು ಕೀಳಿಸುವುದಿದ್ದರೆ ಈ ಮೂರರಲ್ಲಿ ಯಾವ ಔಷಧವನ್ನಾದರೂ ಶುರು ಮಾಡುವ ಮೊದಲೇ ಮುಗಿಸಿಕೊಳ್ಳಿ. ಆಮೇಲೆ ಆದರೆ ಹಲ್ಲಿನ ಡಾಕ್ಟರಿಗೆ ಔಷಧದ ಹೆಸರು ಹೇಳಿ. ದವಡೆಯ ಮೂಳೆಗೆ ತೊಂದರೆ ಆಗುವುದು ಅಪರೂಪ, ಆದರೂ ಹೇಳಬೇಕು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ತೊಡೆಯಲ್ಲಿ ಸುಮ್ಮಸುಮ್ಮನೆ ನೋವು ಶುರುವಾದರೆ ಅದನ್ನೂ ತಡಮಾಡದೆ ತೋರಿಸಿ.

ಊಟ, ಬಿಸಿಲು

ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿ ತಿನ್ನುವವರಿಗೆ ಇದು ಕಷ್ಟವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ದೊಡ್ಡ ಮುದ್ದೆಗೆ ಹೆಚ್ಚು ಕಡಿಮೆ ಅಷ್ಟು ಹಿಟ್ಟು ಹಿಡಿಯುತ್ತದೆ. ಹಾಲು ಮೊಸರು ಸೇರಿ 400 ಮಿಲಿಲೀಟರಿಗೆ ಇನ್ನೊಂದು 480. ನುಗ್ಗೆ ಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ, ಕರಾವಳಿಯವರಾದರೆ ಮುಳ್ಳಿನ ಸಮೇತ ಅಗಿಯುವ ಸಣ್ಣ ಮೀನು. ಅಲ್ಲಿಗೆ ಲೆಕ್ಕ ಹತ್ತಿರ ಬಂತು. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದರೆ ಅಥವಾ ಅಂಬಲಿಯಾಗಿ ಹುದುಗಿಸಿದರೆ ಚೆನ್ನಾಗಿ ಹತ್ತುತ್ತದೆ. ಪಾಲಕ್ ಸೊಪ್ಪನ್ನು ಕ್ಯಾಲ್ಸಿಯಂಗೆ ಅಂತ ನಂಬಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಯಸ್ಸಾದವರು ಒಂದು ತುತ್ತು ಅನ್ನ ಸಾರು ಉಂಡು ಏಳುತ್ತಾರೆ. ಮೂಳೆಗೂ ಮಾಂಸಖಂಡಕ್ಕೂ ಪ್ರೋಟೀನ್ ಬೇಕು. ಬೇಳೆ ಗಟ್ಟಿಯಾಗಿರಲಿ, ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು ಕೊಡಿ.

ಊಟದಲ್ಲಿ ಸಾಲದ್ದಕ್ಕೆ ಮಾತ್ರ ಮಾತ್ರೆ. ಒಮ್ಮೆಗೆ 500 ಮಿಲಿಗ್ರಾಂಗಿಂತ ಜಾಸ್ತಿ ಬೇಡ. ಡಬ್ಬದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಕಾರ್ಬೊನೇಟ್ ಆದರೆ ಊಟದ ಜೊತೆ ನುಂಗಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯ ಜೊತೆಗೂ ನುಂಗಬಾರದು.

ಬೆಳಗಿನ ಎಳೆಬಿಸಿಲಿಗೆ ಕೂತರೆ ವಿಟಮಿನ್ ಡಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಳೆಬಿಸಿಲು ಮೈಗೆ ಹಿತ, ಆದರೆ ಡಿ ಮಾಡುವ ಕಿರಣ ಅದರಲ್ಲಿ ತೀರಾ ಕಡಿಮೆ. ಹೊತ್ತು ಏರಿದ ಮೇಲೆ, ಹತ್ತರಿಂದ ಮೂರರ ಒಳಗೆ, ಕೈ ಕಾಲು ಮುಖಕ್ಕೆ ಸ್ವಲ್ಪ ಹೊತ್ತು ಬಿಸಿಲು ಬಿದ್ದರೆ ಉಪಯೋಗ. ಕಿಟಕಿಯ ಗಾಜಿನ ಹಿಂದೆ ಕೂತರೆ ಆಗುವುದಿಲ್ಲ. ಇನ್ನು 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಅಥವಾ ಗುಳಿಗೆ ಬರೆದುಕೊಟ್ಟಿದ್ದರೆ, ಅದು ವಾರಕ್ಕೊಂದಾ ತಿಂಗಳಿಗೊಂದಾ, ಎಷ್ಟು ವಾರ ಅನ್ನುವುದನ್ನು ಪ್ಯಾಕೆಟ್ ಮೇಲೇ ದೊಡ್ಡದಾಗಿ ಬರೆದಿಡಿ. ದಿನಕ್ಕೊಂದು ತಿಂದು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡಿಸಿಕೊಂಡವರಿದ್ದಾರೆ.

ಮನೆಯನ್ನು ಒಮ್ಮೆ ಅವರ ಕಣ್ಣಲ್ಲಿ ನೋಡಿ

ಬೀಳದಿದ್ದರೆ ಸೊಂಟ ಮುರಿಯುವ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲ. ಈ ಕೆಲಸಕ್ಕೆ ಸ್ಕ್ಯಾನ್ ಬೇಡ, ಡಾಕ್ಟರ್ ಬೇಡ, ಒಂದು ಭಾನುವಾರ ಸಾಕು.

ರಾತ್ರಿ ದೀಪ ಆರಿಸಿ, ಅವರ ಮಂಚದ ಮೇಲೆ ಮಲಗಿ, ಎದ್ದು ಬಚ್ಚಲಿಗೆ ನಡೆದು ನೋಡಿ. ಸ್ವಿಚ್ ಎಲ್ಲಿದೆ? ಹೊಸ್ತಿಲು ಕಾಣುತ್ತದಾ? ಕಾಲೊರೆಸು ಜಾರುತ್ತದಾ? ಫೋನಿನ ಚಾರ್ಜರ್ ವೈರು ಅಡ್ಡ ಇದೆಯಾ? ನಾನು ಇದನ್ನು ಮಾಡಿದ್ದು ಅಮ್ಮ ಬಿದ್ದ ಮೇಲೆ. ಬಚ್ಚಲ ಬಾಗಿಲಲ್ಲಿ ಮೂರಿಂಚು ಕೆಳಗೆ ಇಳಿಯಬೇಕು, ಕತ್ತಲಲ್ಲಿ ನನಗೇ ಗೊತ್ತಾಗಲಿಲ್ಲ. ಈಗ ಅಲ್ಲಿ ರಾತ್ರಿಯೆಲ್ಲ ಉರಿಯುವ ಸಣ್ಣ ಬಲ್ಬಿದೆ, ಮೆಟ್ಟಿಲಿನ ಅಂಚಿಗೆ ಹಳದಿ ಟೇಪಿದೆ.

ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಸ್ಟೀಲ್ ಹಿಡಿ ಹಾಕಿಸಿ, ಕಮೋಡಿನ ಪಕ್ಕ ಒಂದು, ಸ್ನಾನ ಮಾಡುವ ಜಾಗದಲ್ಲಿ ಒಂದು. ಟವೆಲ್ ಹಾಕುವ ರಾಡು ಮನುಷ್ಯರ ಭಾರ ತಡೆಯುವುದಿಲ್ಲ, ಕಿತ್ತು ಬರುತ್ತದೆ. ಕೂತು ಸ್ನಾನ ಮಾಡಲು ಜಾರದ ಕಾಲಿರುವ ಸ್ಟೂಲು ಇಡಿ. ಎಣ್ಣೆ ಸ್ನಾನದ ದಿನ ನೆಲವನ್ನು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದ ಮೇಲೆಯೇ ಅವರನ್ನು ಏಳಿಸಿ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಅಂಗಳವೇ ದೊಡ್ಡ ಅಪಾಯ. ಪಾಚಿ ಕಟ್ಟಿದ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ಅಡಿಕೆ ದಬ್ಬೆ ಹಾಸಿ ನಡೆದಾಡುವ ದಾರಿ ಮಾಡುವ ಹಳೆಯ ಪದ್ಧತಿ ಇತ್ತಲ್ಲ, ಅದು ಬಹಳ ಒಳ್ಳೆಯದು, ಬಿಡಬೇಡಿ. ಊರಿನಲ್ಲಾದರೂ ಪೇಟೆಯಲ್ಲಾದರೂ ಸವೆದ ಹವಾಯಿ ಚಪ್ಪಲಿ ಎಸೆದು, ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಡಿಸಿ. ಅಟ್ಟದ ಸಾಮಾನಿಗೆ ಸ್ಟೂಲು ಹತ್ತುವುದು, ಸಿಲಿಂಡರ್ ಎಳೆಯುವುದು, ತುಂಬಿದ ಬಿಂದಿಗೆ ಎತ್ತುವುದು ಬೇಡ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಹಂಪ್ ಎಗರಿದಾಗ ಕೂತಲ್ಲೇ ಬೆನ್ನುಮೂಳೆ ಕುಸಿಯುವುದುಂಟು.

ಮಾತ್ರೆಗಳನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ನಿದ್ರೆ ಮಾತ್ರೆ, ಕೆಲವು ಬಿಪಿ ಮಾತ್ರೆ, ಗಂಡಸರ ಪ್ರಾಸ್ಟೇಟ್ ಮಾತ್ರೆ ಎದ್ದು ನಿಂತ ತಕ್ಷಣ ತಲೆ ತಿರುಗಿಸುತ್ತವೆ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಹೇಳಲೇಬೇಕು. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮುಂದೂಡಬೇಡಿ.

ಕಾಲಿಗೆ ಬಲ

ಅಮ್ಮ ದಿನಾ ವಾಕಿಂಗ್ ಹೋಗುತ್ತಾರೆ ಅಂತ ನಿಶ್ಚಿಂತೆಯಾಗಿರಬೇಡಿ. ವಾಕಿಂಗ್ ಒಳ್ಳೆಯದೇ, ಆದರೆ ಬೀಳದೆ ಇರಲು ಬೇಕಾಗಿರುವುದು ತೊಡೆಯ ಬಲ ಮತ್ತು ಸಮತೋಲ. ಹೀಗೆ ಪರೀಕ್ಷಿಸಿ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ.

ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು. ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏಳುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ಜೋಡಿಸಿ ಹತ್ತು ಸೆಕೆಂಡ್ ನಿಲ್ಲುವುದು, ಪಕ್ಕದಲ್ಲಿ ಯಾರಾದರೂ ಇರಲಿ. ದಿನಕ್ಕೆ ಎರಡು ಹೊತ್ತು ಇಷ್ಟು ಮಾಡಿದರೆ ಸಾಕು.

ಯೋಗ ಮಾಡುವವರಿಗೆ ಒಂದು ಮಾತು. ಬೆನ್ನುಮೂಳೆ ಟೊಳ್ಳಾಗಿರುವವರು ಮುಂದಕ್ಕೆ ಬಗ್ಗುವ ಆಸನ ಬಿಡಬೇಕು. ಪಾದಹಸ್ತಾಸನ, ಪಶ್ಚಿಮೋತ್ತಾನಾಸನ, ಸೂರ್ಯನಮಸ್ಕಾರದ ಬಗ್ಗುವ ಭಾಗ ಬೇಡ. ಅಮೆರಿಕದ ಮೇಯೋ ಕ್ಲಿನಿಕ್‌ನವರು 1984ರಲ್ಲೇ ತೋರಿಸಿದ್ದಾರೆ, ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ಬೆನ್ನುಮೂಳೆ ಕುಸಿದದ್ದು ಬೆನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಿಗಿಂತ ಬಹಳ ಜಾಸ್ತಿ. ನಿಮ್ಮ ಯೋಗ ಗುರುಗಳಿಗೆ ಮೊದಲೇ ತಿಳಿಸಿ.

ಆದರೂ ಬಿದ್ದರೆ

ಸೊಂಟ ಮುರಿಯಿತು ಅಂತ ನಾವು ಹೇಳುವುದು ನಿಜಕ್ಕೂ ತೊಡೆಮೂಳೆಯ ಮೇಲ್ತುದಿ. ಬಿದ್ದವರು ಏಳಲಾಗದೆ ತೊಡೆಸಂದು ನೋವು ಅಂದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಮುರಿದಿದೆ ಅಂತಲೇ ತಿಳಿಯಿರಿ. ಎಳೆಯಬೇಡಿ, ತಿಕ್ಕಬೇಡಿ, ನಿಲ್ಲಿಸಲು ನೋಡಬೇಡಿ. 108ಕ್ಕೆ ಫೋನ್ ಮಾಡಿ. ನಾಟಿ ಕಟ್ಟು ಹಾಕಿಸಿ ಮಲಗಿಸುವುದು ಖಂಡಿತ ಬೇಡ. ಇದಕ್ಕೆ ಬೇಕಾಗಿರುವುದು ಆಪರೇಷನ್, ಸಾಧ್ಯವಾದರೆ 48 ಗಂಟೆಯ ಒಳಗೆ. ಈ ವಯಸ್ಸಿಗೆ ಆಪರೇಷನ್ ಯಾಕೆ ಅಂತ ನೆಂಟರು ಕೇಳುತ್ತಾರೆ. ಮಲಗಿಸಿದರೆ ಬೆನ್ನಿಗೆ ಹುಣ್ಣು, ಎದೆಗೆ ಕಫ, ಕಾಲಿನಲ್ಲಿ ರಕ್ತ ಹೆಪ್ಪು ಬರುತ್ತವೆ. ಆಪರೇಷನ್ ಆದವರಲ್ಲೂ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಹಾಸಿಗೆಯಲ್ಲೇ ಬಿಟ್ಟರೆ ಇನ್ನೂ ಕಷ್ಟ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಕಾರ್ಡು ಜೊತೆಗೆ ಒಯ್ಯಿರಿ.

ಆಪರೇಷನ್ ಆದ ಮಾರನೆಯ ದಿನವೇ ಫಿಸಿಯೋದವರು ನಿಲ್ಲಿಸುತ್ತಾರೆ. ಪಾಪ ನೋವಾಗುತ್ತೆ, ಮಲಗಿರಲಿ ಅಂತ ತಡೆಯಬೇಡಿ. ಡಿಸ್ಚಾರ್ಜ್ ಆಗುವ ದಿನ ಬಿಲ್ಲಿನ ಗಡಿಬಿಡಿಯಲ್ಲೂ ಒಂದು ಪ್ರಶ್ನೆ ಕೇಳಿ: "ಮೂಳೆ ಗಟ್ಟಿಯಾಗಲು ಯಾವ ಔಷಧ, ಯಾವತ್ತಿನಿಂದ?" ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಅಮ್ಮನಿಗೆ ಈಗ 71. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ರಂಗೋಲಿಯನ್ನು ನೀರು ಒಣಗಿದ ಮೇಲೆ, ಹೊಸ್ತಿಲ ಮುಂದೆ ಸ್ಟೂಲಿನ ಮೇಲೆ ಕೂತು, ಎತ್ತರದ ಕಟ್ಟೆಯ ಮೇಲೆ ಇಡುತ್ತಾರೆ. ಮೂರನೆಯ ಡ್ರಿಪ್ಪು ದೀಪಾವಳಿ ಆದ ಮೇಲೆ.